ಇಸ್ತ್ರಿಯವನ ತಪ್ಪಿಗೆ ಕಾದವನು

ಪಂಕ್ಚರ್ ಅಂಗಡಿಯವನಿಗೆ ಎದುರಂಗಡಿಯ ಇಸ್ತ್ರಿಯವನನ್ನು ಕಂಡರೆ ಮೈಯೆಲ್ಲ ಉರಿ. ಇಬ್ಬರಿಗೂ ಜಗಳವೇನಾದರೂ ಆಗಿತ್ತೇ? ಇಲ್ಲ, ಅದೇ ಸಂಕಟ! ಇಸ್ತ್ರಿಯವನು ಯಾರೊಂದಿಗೂ ಜಗಳವಾಡುತ್ತಿರಲಿಲ್ಲ. ಬೆಳಿಗ್ಗೆ ಪ್ರಾರ್ಥನಾ ಮಂದಿರಕ್ಕೆ ಹೋಗಿಬಂದು, ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ, ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದ್ದ. ಬಟ್ಟೆಯ ಜೇಬಿನಲ್ಲಿ ಏನು ಸಿಕ್ಕರೂ ವಾಪಸ್ಸು. ಒಬ್ಬರಿಗಂತೂ ಹಲ್ಲು ಮುರಿದ ಬಾಚಣಿಗೆಯನ್ನು ಮನೆತನಕ ಒಯ್ದುಕೊಟ್ಟು ಬೈಸಿಕೊಂಡು ಬಂದಿದ್ದ. ದೇವರ ಮಾತನ್ನು ಒಂದು ದಿನವೂ ಎತ್ತಿದವನಲ್ಲ. ಎತ್ತಿದ್ದರೆ ಪಂಕ್ಚರಿನವನು ವಾದ ಮಾಡಿ ಬಾಯಿ ಮುಚ್ಚಿಸಬಹುದಿತ್ತು. ಸುಮ್ಮನಿರುವವನ ಬಾಯಿ ಮುಚ್ಚಿಸುವುದು ಹೇಗೆ, ನೀವೇ ಹೇಳಿ!

"ಎಲ್ಲಾ ನಾಟಕ ಕಣ್ರೋ," ಎಂದು ಒಂದು ದಿನ ಪಂಕ್ಚರಿನವನು ಟೀ ಅಂಗಡಿಯ ಮೇಜು ಗುದ್ದಿದ. "ಇವನ ಬಣ್ಣ ನಾನು ಬಯಲು ಮಾಡ್ತೀನಿ, ನೋಡ್ತಾ ಇರಿ!"

ಅಂದಿನಿಂದ ಕಾವಲು ಶುರುವಾಯಿತು. ಇಸ್ತ್ರಿಯವನು ಏಳುವ ಮೊದಲೇ ಇವನು ಏಳಬೇಕು. ಕುಡಿದರೆ ಬೆಳಿಗ್ಗೆ ಕಣ್ಣು ಮಂಜು, ಹಾಗಾಗಿ ಬಾಟಲಿ ಬಿಟ್ಟ. ಮೊದಲೆಲ್ಲ ನಸುಕಿಗೇ ರಸ್ತೆ ತಿರುವಿನಲ್ಲಿ ಒಂದು ಹಿಡಿ ಮೊಳೆ ಚೆಲ್ಲಿ ಬರುವುದು ಇವನ ವ್ಯಾಪಾರದ ಗುಟ್ಟಾಗಿತ್ತು. ಈಗ ಅದಕ್ಕೂ ಪುರುಸೊತ್ತಿಲ್ಲ. ಮಂದಿರದೊಳಗೆ ಅವನೇನು ಮಾಡುತ್ತಾನೋ ನೋಡೇಬಿಡೋಣ ಎಂದು ದಿನವೂ ಹಿಂದಿನ ಬೆಂಚಿನಲ್ಲಿ ಕೂತ. ಎಲ್ಲರೂ ಕಣ್ಣು ಮುಚ್ಚಿದರೆ ಇವನೊಬ್ಬ ಗೂಬೆಯ ಹಾಗೆ ಕಣ್ಣರಳಿಸಿಕೊಂಡಿರುತ್ತಿದ್ದ.

ಹೆಂಡತಿಗೆ ಗಾಬರಿಯಾಯಿತು. "ಏನ್ರೀ, ಒಂದ್ಸಲ ಡಾಕ್ಟರ ಹತ್ರ ಹೋಗಿಬರೋಣ್ವಾ?" ಅತ್ತೆ ಮಾತ್ರ, "ನಮ್ಮ ಅಳಿಯಂದಿರು ದೇವರಂಥ ಮನುಷ್ಯ ಆಗ್ಬಿಟ್ರು," ಎಂದು ಬೀದಿಗೆಲ್ಲ ಸಾರಿಬಂದರು. ಅವನು ಹಲ್ಲು ಕಡಿದುಕೊಂಡು ಮತ್ತೆ ಕಾವಲಿಗೆ ಹೋದ.

ಕೊನೆಗೂ ಒಂದು ಮಧ್ಯಾಹ್ನ ಅವನು ಕಾಯುತ್ತಿದ್ದದ್ದು ಆಗಿಯೇ ಹೋಯಿತು. ಇಸ್ತ್ರಿಯವನ ಕೈ ಒಂದು ಗಳಿಗೆ ತಡೆದು, ಅದೇ ಬೀದಿಯ ನರ್ಸಮ್ಮನ ಬಿಳಿ ಕೋಟಿನ ಕಾಲರು ಸುಟ್ಟು ಕಂದು ಕಲೆ ಮೂಡಿತು. ಪಂಕ್ಚರಿನವನು ಟ್ಯೂಬು ಕೆಳಗಿಟ್ಟು ಕಿವಿ ನಿಮಿರಿಸಿದ. ಅಷ್ಟರಲ್ಲಿ ನರ್ಸಮ್ಮನೂ ಬಂದರು.

"ಇದೇನಪ್ಪಾ, ಕಲೆ?"

"ಅದು... ಮೊದ್ಲೇ ಹಂಗಿತ್ತು ನರ್ಸಮ್ಮ."

"ಹೌದಾ? ನೀವು ಹೇಳಿದ್ಮೇಲೆ ಸರಿ ಬಿಡಿ. ಆಸ್ಪತ್ರೇಲೇ ಆಗಿರ್ಬೇಕು," ಎಂದು ಅವರು ಕೋಟು ಮಡಚಿಕೊಂಡು ಹೊರಟುಹೋದರು.

ಸಿಕ್ಕಿಬಿದ್ದ! ಪಂಕ್ಚರಿನವನು ಚಂಗನೆ ಎದ್ದ. ಟೀ ಅಂಗಡಿಯತ್ತ ತಿರುಗಿ ಕೂಗಲು ಬಾಯಿ ತೆರೆದ. ಕೂಗಿನ ಬದಲು ಕಣ್ಣಲ್ಲಿ ನೀರು ಬಂತು. ಸ್ವಂತ ಅಣ್ಣ ಸತ್ತಾಗಲೂ ಅವನಿಗೆ ಇಷ್ಟು ದುಃಖವಾಗಿರಲಿಲ್ಲ. ಧಡಧಡನೆ ರಸ್ತೆ ದಾಟಿದ.

"ಹೋಗಿ ನಿಜ ಹೇಳಯ್ಯಾ!"

ಇಸ್ತ್ರಿಯವನ ಮುಖ ಬಿಳಿಚಿಕೊಂಡಿತ್ತು. "ಹೆದ್ರಿಕೆ ಆಯ್ತಣ್ಣ. ಬಾಯಿಂದ ಹಂಗೇ ಬಂದ್ಬಿಡ್ತು. ಈಗ ಹೋಗೋಕೆ ಕಾಲೇ ಬರ್ತಿಲ್ಲ."

"ಹೆದ್ರಿಕೆಯಂತೆ ಹೆದ್ರಿಕೆ! ನಿನ್ನಿಂದ ನಾನು ಕುಡಿಯೋದು ಬಿಟ್ಟೆ. ಮೊಳೆ ಬಿಟ್ಟೆ. ಆ ಹಾಳು ಬೆಂಚಿನ ಮೇಲೆ ಕೂತು ಕೂತು ಸೊಂಟ ಹಿಡ್ಕೊಂಡಿದೆ. ಈಗ ನೀನೂ ಎಲ್ಲರ ಥರಾನೇ ಅಂದ್ರೆ ನಾನೆಲ್ಲಿಗೆ ಹೋಗ್ಲಿ?"

"ಯಾವ ಮೊಳೆ?"

"ಅದು ಆಮೇಲೆ! ಮೊದ್ಲು ನಡಿ!"

ರಟ್ಟೆ ಹಿಡಿದು ಎಳೆದುಕೊಂಡೇ ಹೋದ. ನರ್ಸಮ್ಮನ ಬಾಗಿಲಲ್ಲಿ ಇಸ್ತ್ರಿಯವನು ತಲೆ ತಗ್ಗಿಸಿ ನಿಂತ. "ಕೋಟು ಸುಟ್ಟಿದ್ದು ನಾನೇ ನರ್ಸಮ್ಮ. ಸುಳ್ಳು ಹೇಳ್ದೆ. ತಪ್ಪಾಯ್ತು."

ನರ್ಸಮ್ಮ ಸುಮ್ಮನೆ ಬಿಡುವವರೇ? "ಬೇರೆ ಯಾರೋ ಹೇಳಿದ್ರೆ ನಂಬ್ತಾನೇ ಇರ್ಲಿಲ್ಲ, ನೀವಂತ ನಂಬಿದ್ನಲ್ರೀ!" ಎಂದು ಚೆನ್ನಾಗಿ ಜಾಡಿಸಿದರು. ಬೈದು ಸುಸ್ತಾದ ಮೇಲೆ ಅವರ ಕಣ್ಣು ಪಕ್ಕದವನ ಮೇಲೆ ಬಿತ್ತು.

"ಅಲ್ಲಾ, ನೀವ್ಯಾಕೆ ಅಳ್ತಿದ್ದೀರಿ? ನಿಮಗೂ ಇದಕ್ಕೂ ಏನು ಸಂಬಂಧ?"

ಪಂಕ್ಚರಿನವನು ಗ್ರೀಸು ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ. ಆಮೇಲೆ ಎರಡೂ ಕೈ ಜೋಡಿಸಿದ.

"ಇದೊಂದ್ಸಲ ಕ್ಷಮಿಸಿಬಿಡಿ ನರ್ಸಮ್ಮ," ಎಂದ. "ನಾವು ಸುಳ್ಳು ಹೇಳೋ ಜನ ಅಲ್ಲ."