ಗಡಿಗೆಯ ತಣ್ಣೀರು

೧೯೫೮ರ ಬೇಸಿಗೆಯಲ್ಲಿ ನಾನು ಭೂಗರ್ಭ ವಿಭಾಗವೊಂದರಲ್ಲಿ ಕಿರಿಯ ಸಹಾಯಕ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಕೆರೆ ಬಾವಿಗಳ ನೀರನ್ನು ಪುಟ್ಟ ಸೀಸೆಗಳಲ್ಲಿ ತುಂಬಿ, ಬಿರಡೆಗೆ ಮೇಣ ಬಳಿದು, ಮುಂಬಯಿಯ ಪ್ರಯೋಗಾಲಯಕ್ಕೆ ಕಳುಹಿಸುವುದು ನನ್ನ ಕೆಲಸ. ನೀರಿನ ಆಮ್ಲಜನಕದಲ್ಲಿ ಹಗುರ, ಭಾರ ಎಂಬ ಎರಡು ಬಗೆಯ ಪರಮಾಣುಗಳು, ಅಂದರೆ ಐಸೊಟೋಪುಗಳಿವೆ. ಬಿಸಿಲಿಗೆ ನೀರು ಆವಿಯಾಗುವಾಗ ಹಗುರವಾದದ್ದು ಹೆಚ್ಚು ಹಾರಿಹೋಗಿ, ಭಾರದ್ದು ಉಳಿಯುತ್ತದೆ. ಹಾಗಾಗಿ ಬೇಸಿಗೆಯ ಕೆರೆ ನೀರು ಭಾರ. ಮಳೆ ಇಂಗಿ ಬಂದ ಬಾವಿ ನೀರು ಹಗುರ. ಒಂದು ಚಮಚ ನೀರು ಕೊಟ್ಟರೆ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಈ ವ್ಯತ್ಯಾಸ ಹೇಳುತ್ತಿತ್ತು. ನನಗೆ ಅದರ ಮೇಲೆ ದೇವರಷ್ಟೇ ನಂಬಿಕೆ.

ಶಿರಾಳಕೊಪ್ಪದ ಹತ್ತಿರದ ಹಳ್ಳಿಯೊಂದರಲ್ಲಿ ಬಸಪ್ಪ ಎಂಬ ರೈತ ಕೆರೆ ಏರಿಯ ಕೆಳಗೆ ಬಾವಿ ತೋಡಿದ್ದ. ಗಂಡ ಹೆಂಡತಿ ಇಬ್ಬರೇ ಎರಡು ಬೇಸಿಗೆ ಅಗೆದ ಬಾವಿ. ಅದು ಕೆರೆಯ ನೀರನ್ನೇ ಎಳೆದುಕೊಳ್ಳುತ್ತದೆಂದು ಊರವರ ದೂರು. ನಿಜವಾದರೆ ಮುಚ್ಚಬೇಕೆಂದು ಪಂಚರು ಹೇಳಿದ್ದರು, ಬಸಪ್ಪನೂ ಒಪ್ಪಿದ್ದ.

ಕೆರೆಯ ನೀರನ್ನು ನಾನೇ ತುಂಬಿಕೊಂಡೆ. ಅಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು, ಬಾವಿಯವರೆಗೆ ಹೋಗಲು ಮೈಗಳ್ಳತನ. ಬಸಪ್ಪನ ಹೆಂಡತಿ ನೀಲವ್ವ ತಂಬಿಗೆ ತಂದಿಟ್ಟು, “ನಮ್ ಬಾವೀದೇ ರೀ” ಎಂದಳು. ಅವರ ಮನೆಯ ಜಗಲಿಯಲ್ಲಿ ಕೂತೇ ಸೀಸೆ ತುಂಬಿ, ಉಳಿದದ್ದನ್ನು ಕುಡಿದೆ. ಒಳ್ಳೆಯ ತಂಪು ನೀರು.

ಫಲಿತಾಂಶ ಬಂತು. ಎರಡೂ ಹೆಚ್ಚುಕಡಿಮೆ ಒಂದೇ ಭಾರ. ಎಂದರೆ ಬಾವಿಯಲ್ಲಿರುವುದು ಕೆರೆಯ ನೀರೇ. ಪಂಚರ ಮುಂದೆ ನಾನೇ ಓದಿದೆ. ವಾರದೊಳಗೆ ಬಾವಿಗೆ ಕಲ್ಲು ಮಣ್ಣು ಬಿತ್ತು.

ಮರುವರ್ಷ ಅದೇ ಹಳ್ಳಿಯ ಮೇಲೆ ಉಡುತಡಿ ಊರಿನ ಕಡೆ ಹೊರಟಾಗ ನೀಲವ್ವ ಕರೆದು ನೀರು ಕೊಟ್ಟಳು. ನಾಲಗೆಗೆ ಆ ತಂಪು ನೆನಪಿತ್ತು.

“ಬಾವಿ ಮುಚ್ಚಿದೆಯಲ್ಲಮ್ಮ, ಇದೆಲ್ಲಿಯ ನೀರು?”

“ಕೆರೀದು ರೀ. ಗಡಿಗ್ಯಾಗ ಇಟ್ರೆ ಯಾವ ನೀರಾದ್ರೂ ತಂಪಾಗ್ತೈತಿ. ಹೋದ ವರ್ಷ ನೀವು ಬರ್ತೀರಂತ ಎಂಟು ದಿನ ಮುಂಚೇನೇ ಬಾವಿ ನೀರು ಸೋಸಿ ಗಡಿಗೆ ತುಂಬಿದ್ದೆ. ಯಾರೂ ಮುಟ್ಟದಿದ್ರೂ ನೀವು ಬರೋದ್ರಾಗ ಅರ್ಧಕ್ಕಿಳಿದಿತ್ತು. ಆಗಷ್ಟೇ ಸೇದಿದ ಕಲಕು ನೀರು ಸರ್ಕಾರದೋರಿಗೆ ಕೊಡಾಕಾಗ್ತೈತೇನ್ರೀ?”

ತಂಬಿಗೆ ಕೈಯಲ್ಲೇ ಉಳಿಯಿತು. ಮಣ್ಣಿನ ಗಡಿಗೆ ಬೆವರುತ್ತದೆ. ಆ ಬೆವರು ಆವಿಯಾದಷ್ಟೂ ಒಳಗಿನ ನೀರು ಬೇಸಿಗೆಯ ಕೆರೆ ನೀರಿನಂತೆ ಭಾರವಾಗುತ್ತದೆ. ಯಂತ್ರ ಸುಳ್ಳು ಹೇಳಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

“ನಾ ಕೊಟ್ಟಿದ್ದು ತಪ್ಪಾತೇನ್ರೀ?”

“ಇಲ್ಲಮ್ಮ, ನಾನು ಕೇಳದೆ ಹೋದದ್ದು ತಪ್ಪು.”

ಅಂದೇ ಪಂಚರ ಮುಂದೆ ತಪ್ಪೊಪ್ಪಿಕೊಂಡೆ. ಬಾವಿಯನ್ನು ಮತ್ತೆ ತೋಡಿ ನೋಡಬಹುದೆಂದು ಅವರು ಒಪ್ಪಿದರು. ಬಸಪ್ಪ ತನ್ನ ಅಂಗೈ ನೋಡಿಕೊಂಡ. “ನೀವು ಒಪ್ಪಿದ್ರಿ, ಸರಿ. ತೋಡೋ ರಟ್ಟೆ ಎಲ್ಲಿಂದ ತರ್ಲಿ ಸಾಹೇಬ್ರೆ?”

ನಿವೃತ್ತಿಯವರೆಗೂ, ಕೈಯಾರೆ ಸೇದದ ನೀರಿನ ಸೀಸೆಗೆ ನಾನು ಮೇಣ ಬಳಿಯಲಿಲ್ಲ. ಆ ಬಾವಿಯನ್ನು ಮತ್ತೆ ತೋಡಲೇ ಇಲ್ಲ. ಅದರ ನೀರು ಕೆರೆಯದೋ, ಮಳೆ ಇಂಗಿದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ.