ಬಾಣಂತಿ ಕೋಣೆಗೆ ವೈಫೈ ತಂದ ಅಜೀಮುನ್ನೀಸಾ

ಬೆಳಗಿನ ಆರೂವರೆ. ಅರಳಗುಪ್ಪೆಯ ಕೆಂಚಮ್ಮನವರ ಮನೆಯಲ್ಲಿ ಏಣಿ ಹತ್ತಿದ ಅಜೀಮುನ್ನೀಸಾ, ಸೆರಗು ಬಿಗಿದುಕೊಂಡು ಅಟ್ಟದ ತೆಂಗಿನಕಾಯಿ ರಾಶಿಯಲ್ಲಿ ಕೈಯಾಡಿಸುತ್ತಿದ್ದಾರೆ. ಸಿಕ್ಕಿದ್ದು ಎರಡು ಕೊಂಬಿನ ಹೊಸ ವೈಫೈ ಪೆಟ್ಟಿಗೆ. "ಅಯ್ಯೋ ನಿನ್ನ! ಇಲ್ಲಿ ಕೂತಿದೀಯಾ?" ಎಂದು ಅದನ್ನೇ ಗದರುತ್ತಾರೆ.

ಒಳಕೋಣೆಯಲ್ಲಿರುವುದು ಕೆಂಚಮ್ಮನವರ ಸೊಸೆ ಧನಲಕ್ಷ್ಮಿ, ಇಪ್ಪತ್ತು ದಿನದ ಬಾಣಂತಿ. ತಿಪಟೂರಿನ ಪ್ರೆಸ್ಸೊಂದಕ್ಕೆ ಮನೆಯಿಂದಲೇ ಪುಸ್ತಕ ಟೈಪ್ ಮಾಡಿ ಕಳಿಸುವವರು. ಇವತ್ತು ಒಂಬತ್ತರೊಳಗೆ ಪುಟಗಳು ಹೋಗದಿದ್ದರೆ ಕೆಲಸ ಬೇರೆಯವರ ಪಾಲು. ಟೆಲಿಫೋನ್ ಕಂಪನಿ ಕೊಟ್ಟ ಮೋಡೆಮ್ ಇರುವುದು ಬೀದಿಬಾಗಿಲ ಪಕ್ಕ. ಅಲ್ಲಿಗೆ ಬರಲು ಅತ್ತೆ ಬಿಡುವುದಿಲ್ಲ.

"ಥಂಡಿ ಹಿಡುದ್ರೆ ಯಾರ್ ನೋಡ್ತಾರೆ? ಕೆಲ್ಸ ಹೋದ್ರೆ ಹೋಗ್ಲಿ ಬುಡು" ಎನ್ನುತ್ತಾರೆ ಕೆಂಚಮ್ಮ. ತೊಟ್ಟಿಲ ಹತ್ತಿರ ವೈರೂ ಸುಳಿಯಕೂಡದಂತೆ! ಮೊನ್ನೆ ಬಂದಿದ್ದ ಮೆಕ್ಯಾನಿಕ್, ಬಾಣಂತಿ ಕೋಣೆಯತ್ತ ಹೋಗಲು ಸಂಕೋಚಪಟ್ಟು, ಹೊಸ ಪೆಟ್ಟಿಗೆಯನ್ನು ಅಟ್ಟಕ್ಕೆ ಹತ್ತಿಸಿ ಜಾಗ ಖಾಲಿ ಮಾಡಿದ್ದಾನೆ.

ಅಜೀಮುನ್ನೀಸಾ ಅವರಿಗೆ ನಲವತ್ತೊಂದು. ತಿಪಟೂರಿನಲ್ಲಿ ಗಂಡ ಮುನಾವರ್ ಅವರದು ರೇಡಿಯೋ ರಿಪೇರಿ ಅಂಗಡಿ. ಅವರ ಕಣ್ಣು ಮಂಜಾದ ಮೇಲೆ ಬೆಸುಗೆ ಕಡ್ಡಿ ಇವರ ಕೈಗೆ ಬಂತು. ರೇಡಿಯೋ ಕೇಳುವವರು ಕಡಿಮೆಯಾದರು, ಬ್ರಾಡ್‌ಬ್ಯಾಂಡ್ ಬಂತು, ಇವರು ಅದನ್ನೂ ಕಲಿತರು. ಈಗ ದಿನಕ್ಕೆ ಮೂರು ಮನೆ, ನಾಲ್ಕು ಬಸ್ಸು, ಹೆಗಲಿಗೊಂದು ಚೀಲ. "ಮೊದಮೊದ್ಲು 'ಯಜಮಾನ್ರು ಬರ್ಲಿಲ್ವಾ?' ಅಂತ ನನ್ ಹಿಂದೆ ನೋಡೋರು" ಎಂದು, ಅವರ ಬಗ್ಗೆ ಬರೆಯಲು ಜೊತೆಗೆ ಬಂದ ನನ್ನತ್ತ ನೋಡಿ ನಗುತ್ತಾರೆ.

ಏಣಿ ಇಳಿದು ಪೆಟ್ಟಿಗೆಯ ಕಾಯಿಲೆ ಹೇಳುತ್ತಾರೆ: "ಈ ಕಾಯೊಳ್ಗೆಲ್ಲಾ ನೀರೈತೆ, ಅದು ಸಿಗ್ನಲ್ ಕುಡುದ್ಬುಡ್ತದೆ. ಇವು ಒಣಗಿ ಕೊಬ್ರಿ ಆಗಾಕೆ ಇನ್ನೂ ಎಂಟು ತಿಂಗ್ಳು. ಧನಮ್ಮಂಗೆ ಒಂಬತ್ ಗಂಟೆಗೇ ಬೇಕು."

ಕೈಕಾಲು ತೊಳೆದು ಒಳಗೆ ಹೋಗಿ, ಧನಲಕ್ಷ್ಮಿಯ ಪಕ್ಕ ಕೂತು ಲ್ಯಾಪ್‌ಟಾಪ್ ತೆಗೆಯುತ್ತಾರೆ. ಅಲ್ಲಿ ಇನ್ನೊಂದು ತೊಡಕು. ಮೋಡೆಮ್ಮು, ಹೊಸ ಪೆಟ್ಟಿಗೆ ಎರಡೂ ಕಂಪ್ಯೂಟರಿಗೆ ನಂಬರ್ ಹಂಚಲು ಹೊರಟು ಗೊಂದಲವೆಬ್ಬಿಸಿವೆ. "ನಂಬರ್ ಕೊಡೋದು ಹಳೇದೇ ಮಾಡ್ಲಿ. ಹೊಸದು ಸುಮ್ನೆ ಸಿಗ್ನಲ್ ಕೊಡ್ಲಿ" ಎಂದು ಹೊಸದರ ಯಜಮಾನಿಕೆ ಆರಿಸುತ್ತಾರೆ. ಬಾಗಿಲಾಚೆ ನಿಂತ ಕೆಂಚಮ್ಮ, "ನಮ್ಮನೇಲೂ ಹಂಗೇ ಕಣವ್ವ" ಎಂದಾಗ ಒಳಗೆ ಸೊಸೆಗೆ ನಗು ತಡೆಯದು.

ಮೋಡೆಮ್‌ನಿಂದ ಗೋಡೆಗುಂಟ ವೈರ್ ಎಳೆದು, ಪೆಟ್ಟಿಗೆಯನ್ನು ಬಾಣಂತಿ ಕೋಣೆಯ ಬಾಗಿಲ ಮೇಲೆ, ಹೊರಗಡೆಗೇ ಕೂರಿಸುವಷ್ಟರಲ್ಲಿ ಎಂಟೂವರೆ. ಧನಲಕ್ಷ್ಮಿ ಪುಟಗಳನ್ನು ಕಳಿಸುತ್ತಾರೆ. ಹತ್ತು ನಿಮಿಷಕ್ಕೆ ಪ್ರೆಸ್ಸಿನಿಂದ ಫೋನ್.

"ಸಿಕ್ತಂತೆ ಕಣಕ್ಕಾ! ಮುಂದಿನ್ ಪುಸ್ತಕನೂ ನಂಗೇ ಅಂತೆ!" ಎಂದು ಧನಲಕ್ಷ್ಮಿ ಕೂಗುತ್ತಾರೆ.

ಕೆಲಸ ಹೋಗಲಿ ಎಂದಿದ್ದ ಕೆಂಚಮ್ಮ ತೊಟ್ಟಿಲಿನಿಂದ ಕೂಸನ್ನೆತ್ತಿಕೊಳ್ಳುತ್ತಾರೆ. "ಎಷ್ಟ್ ಪುಟ ಐತೆ ಕೇಳೇ. ಮಗೀನ ನಾನ್ ನೋಡ್ಕೋತೀನಿ."

ನಿಮಗೇನು ಆಸೆ ಎಂದು ಅಜೀಮುನ್ನೀಸಾ ಅವರನ್ನು ಕೇಳಿದೆ. ಚೀಲ ಹೆಗಲಿಗೇರಿಸುತ್ತ ಹೇಳಿದರು: "ವೈರ್ ಎಳಿಯೋ ಗಂಡಸ್ರು ಬೇಕಾದಷ್ಟ್ ಜನ ಅವ್ರೆ ಸಾರ್. ಒಳಕೋಣೆವರ್ಗೂ ಹೋಗೋಳು ನಾನೊಬ್ಳೇ. ಇನ್ನೊಬ್ಬ ಹೆಂಗಸು ಈ ಕೆಲ್ಸ ಕಲುತ್ರೆ ಸಾಕು, ನಾನೇ ಹೇಳ್ಕೊಡ್ತೀನಿ. ಬಾಣಂತೀರಿರೋ ಮನೆಗ್ಳು ಬಾಳ ಅವೆ."