ಅತ್ತೆ ಇಟ್ಟ ಎಡೆ

ನಮ್ಮ ಯಜಮಾನರು ಮಹದೇವು ಹೊಳಲಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದರು. ಮಂಡ್ಯದ ಕ್ರೈಸ್ತ ಸಭೆಗೆ ಸೇರಿದ ಮೇಲೆ ಕುಡಿತ ಬಿಟ್ಟರು, ಬೀಡಿ ಬಿಡಲಿಲ್ಲ. ಅವರ ಹಿಂದೆ ನಾನೂ ಹೋದೆ. ಅತ್ತೆ ಚಲುವಮ್ಮ ಬರಲಿಲ್ಲ.

ಗುರುವಾರ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನೆ ಕೂಟ. ಎಂಟು ಜನ. ಯಜಮಾನರು ಬೈಬಲ್ ಓದುತ್ತಿದ್ದರು, ನಾನು ಟೀ ಕಾಯಿಸುತ್ತಿದ್ದೆ. ಅತ್ತೆ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಆಷಾಢದಲ್ಲಿ ಯಜಮಾನರು ಎದೆನೋವು ಅಂದರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿಯಿತು. ಮೂರನೇ ವಾರ ಪಾಸ್ಟರು ಬಂದು, ಇನ್ನು ಕೂಟ ನೀನೇ ನಡೆಸಬೇಕಮ್ಮ ಎಂದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ಬಂದರೆ ನಿಂತುಬಿಡುತ್ತೇನೆ. ಕೂಟದ ಇಂದ್ರಮ್ಮ ತಾನು ಓದುತ್ತೇನೆ, ನೀನು ಪ್ರಾರ್ಥನೆ ಮಾಡು ಎಂದಳು. ಹಾಗೇ ನಡೆಯಿತು. ವಾರದಲ್ಲಿ ಆ ಒಂದು ಸಂಜೆ ಮನೆಯಲ್ಲಿ ಜನ ಇರುತ್ತಿದ್ದರು. ನನಗೆ ಉಳಿದಿದ್ದು ಅದೊಂದೇ.

ಮಹಾಲಯ ಅಮಾವಾಸ್ಯೆ ಗುರುವಾರವೇ ಬಂತು. ಅತ್ತೆ ಮಗನಿಗೆ ಎಡೆ ಇಡಬೇಕೆಂದರು. ನಮ್ಮ ಕಡೆ ಸತ್ತವರಿಗೆ ಇಷ್ಟವಾದುದನ್ನು ಬೇಯಿಸಿ ಬಾಳೆ ಎಲೆಯಲ್ಲಿಟ್ಟು, ಬಾಗಿಲು ಹಾಕಿ ಎಲ್ಲರೂ ಹೊರಗೆ ಬರುತ್ತಾರೆ. ಸತ್ತವರು ಬಂದು ಉಣ್ಣುವುದನ್ನು ಯಾರೂ ನೋಡಬಾರದು. ಸಭೆಯಲ್ಲಿ ಇದು ಕೂಡದು. ಅತ್ತೆಗೆ ಹೇಳಿದೆ.

"ನಿಮ್ ದೇವ್ರು ನಿಮ್ಗಿರ್ಲಿ ಕಣವ್ವ. ಅವ್ನು ನನ್ ಒಟ್ಟೇಲಿ ಉಟ್ದೋನು. ಅಸ್ಕೊಂಡ್ ಬಂದ್ರೆ ಏನಂತ ಯೋಳ್ಲಿ?"

ಮಧ್ಯಾಹ್ನದೊಳಗೆ ಮುಗಿಸಿ ಎಂದೆ. ಆ ದಿನ ಮಟನ್ ಅಂಗಡಿ ಮುಂದೆ ಎಂಥ ಕ್ಯೂ ಇರುತ್ತದೆ ಎಂದು ನಾನು ಯೋಚಿಸಬೇಕಿತ್ತು. ಅತ್ತೆ ಮಂಡ್ಯದಿಂದ ಬಂದು ಬಸ್ಸಿಳಿದಾಗ ಮೂರು ಗಂಟೆ. ಫೋನ್ ಮಾಡಿ ಕೂಟ ಬೇಡ ಎನ್ನಬಹುದಿತ್ತು. ಎಂದರೆ ಆ ಸಂಜೆಯೂ ಹೋಗುತ್ತಿತ್ತು. ಮಾಡಲಿಲ್ಲ. ಸಾರು ಕುದಿದು, ಮುದ್ದೆ ಕಟ್ಟಿ, ಎಲೆಯ ಪಕ್ಕಕ್ಕೆ ಒಂದು ಕಟ್ಟು ಬೀಡಿ ಇಟ್ಟು ಅತ್ತೆ ಬಾಗಿಲು ಎಳೆದಾಗ ಆರು. ಕೂಟದವರು ಆಗಲೇ ಅಂಗಳದಲ್ಲಿದ್ದರು.

ಒಳಗೇನು ಎಂದು ಇಂದ್ರಮ್ಮ ಕೇಳಿದಳು. ಸುಳ್ಳು ಬಾಯಿಗೆ ಬರಲಿಲ್ಲ. ಎಡೆ ಎಂದೆ.

"ಬಾಗ್ಲು ತಗಿ ಅಕ್ಕ. ಎತ್ತಾಕಿ ಪ್ರಾರ್ಥನೆ ಮಾಡಾನ."

"ತಗ್ದೀಯ, ಜ್ವಾಕೆ," ಎಂದರು ಅತ್ತೆ. "ನನ್ ಮಗ ಉಣ್ತಾವ್ನೆ."

ಎಲ್ಲರೂ ನನ್ನನ್ನು ನೋಡಿದರು. ಚಿಲಕದ ಮೇಲೆ ಕೈ ಇಟ್ಟೆ. ಒಳಗೆ ಅವರಿಲ್ಲ, ನನಗೆ ಗೊತ್ತು. ಮಣ್ಣು ಹಾಕಿದವರಲ್ಲಿ ನಾನೂ ಒಬ್ಬಳು. ಆದರೂ ಚಿಲಕ ಎಳೆಯಲು ಆಗಲಿಲ್ಲ.

ಇಂದ್ರಮ್ಮ ಕೆಟ್ಟವಳಲ್ಲ. ನಮ್ಮ ಮನೆಗೆ ಬಾ ಎಂದು ತೋಳು ಹಿಡಿದಳು. ಅತ್ತೆ ಬೆಳಗಿನಿಂದ ಏನೂ ತಿಂದಿರಲಿಲ್ಲ. ಬಿಟ್ಟು ಹೋಗಲಾಗಲಿಲ್ಲ. ಅವರೆಲ್ಲ ಹೋದರು.

ಬಾಗಿಲು ತೆಗೆದಾಗ ಎಲೆಯಲ್ಲಿ ಇಟ್ಟದ್ದು ಇಟ್ಟ ಹಾಗೇ ಇತ್ತು. ಅತ್ತೆ "ಉಂಡವ್ನೆ" ಎಂದು ನನಗೆ ಬಡಿಸಿದರು. ನಾನು ಉಣ್ಣದೆ ಅವರು ಉಣ್ಣುವವರಲ್ಲ. ಉಂಡೆ.

ಕೂಟ ಸ್ವಲ್ಪ ದಿನ ಇಂದ್ರಮ್ಮನ ಮನೆಯಲ್ಲಿ ಇರಲಿ ಎಂದು ಪಾಸ್ಟರು ಫೋನಿನಲ್ಲಿ ಹೇಳಿದರು. ಬೈಯಲಿಲ್ಲ. ಈಗ ಗುರುವಾರ ನಾವಿಬ್ಬರೂ ಜಗಲಿಯ ಮೇಲೆ ಕೂರುತ್ತೇವೆ. ಇಂದ್ರಮ್ಮನ ಬೀದಿಯ ಹಾಡು ಇಲ್ಲಿಗೂ ಕೇಳುತ್ತದೆ. ಹೋಗಿ ಬಾ ಎಂದು ಅತ್ತೆಯೇ ಹೇಳುತ್ತಾರೆ. ಮುಂದಿನ ವರ್ಷ ಎಡೆ ಇಡುತ್ತೀರಾ ಎಂದು ಅಲ್ಲಿ ಕೇಳಿದರೆ ನಾನು ಏನು ಹೇಳಲಿ.